ಬೆಕ್ಕಿನ ಗುಟ್ಟಿನ ಗೂಡು

ಒಂದಾನೊಂದು ಊರಿನಲ್ಲಿ, ಹೆಸರು ಕೇಳಬೇಡಿ, ಊರೇ ಅದನ್ನು ಮರೆತಿದೆ, ತುಪ್ಪರಾಯ ಎಂಬ ರಾಜನಿದ್ದ. ಅವನಿಗೊಂದು ಬೆಕ್ಕು. ಹೆಸರು ಬೆಣ್ಣಾಜಮ್ಮಣ್ಣಿ. ಬಲು ನಾಚಿಕೆಯ ಬೆಕ್ಕು. ಮರಳಿನ ಪೆಟ್ಟಿಗೆ ಹತ್ತಿರ ಯಾರಾದರೂ ಇಣುಕಿದರೆ ಸಾಕು, ಬಂದದ್ದನ್ನೂ ತಡೆದುಕೊಂಡು ವಾಪಸು ಬರುತ್ತಿತ್ತು. ಅರಮನೆ ಎಂದ ಮೇಲೆ ಇಣುಕುವವರಿಗೆ ಬರವೇ? ಎರಡು ದಿನ ಹಾಗೇ ಕಳೆಯಿತು.

ರಾಜನಿಗೆ ಕರುಳು ಕಿತ್ತು ಬಂತು. "ನಮ್ಮ ಬೆಣ್ಣಾಜಮ್ಮಣ್ಣಿ ಹೋಗುವ ತನಕ ಈ ಊರಲ್ಲಿ ಯಾರೂ ಹೋಗಕೂಡದು!" ಎಂದು ಡಂಗುರ ಹೊಡೆಸಿದ. ತನಗೂ ಅದೇ ಕಾನೂನು ಎಂದ. ನ್ಯಾಯವಂತ ರಾಜ, ಏನು ಮಾಡುತ್ತೀರಿ!

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಕಾಲು ಹೆಣೆದುಕೊಂಡು ನಿಂತಿತು. ಮಂತ್ರಿ ಕುಣಿಯುತ್ತಿದ್ದ. ಸೇನಾಪತಿ ಅಳುತ್ತಿದ್ದ. ಮಜ್ಜಿಗೆ ಮಾರುವವಳನ್ನು ಊರಾಚೆ ಓಡಿಸಿದರು.

ಆಗ ಬಂದಳು ಗಾರೆ ಕೆಲಸದ ಕೆಂಚವ್ವ. "ಗೋಡೆ ಒಳಗೇ ಒಂದು ಗೂಡು ಮಾಡ್ತೀನಿ ಬುದ್ಧಿ. ಅದರೊಳಗೆ ಪೆಟ್ಟಿಗೆ. ಯಾರ ಕಣ್ಣಿಗೂ ಬೀಳಾಕಿಲ್ಲ" ಎಂದಳು. ಗೋಡೆಗೆ ಉಳಿ ಇಟ್ಟಳು.

ಗೋಡೆ ಬಾಯಿ ಬಿಟ್ಟಿತು. "ಏಯ್, ನೂರು ವರ್ಷದಿಂದ ನಿಂತೇ ಇದೀನಿ. ಯಾರಾದರೂ 'ಕೂತ್ಕೊ' ಅಂದ್ರಾ? ಒಂದು ಗಳಿಗೆ ಕೂರಿಸು, ಆಮೇಲೆ ಎಷ್ಟಾದರೂ ಕೊರಿ."

ಗೋಡೆ ಕೂತರೆ ಚಾವಣಿ ಬೀಳುತ್ತದೆ. ಅದಕ್ಕೆ ಊರಿನವರೆಲ್ಲ ಬಂದು ಚಾವಣಿ ಹೊತ್ತರು. ಕಾಲು ಹೆಣೆದುಕೊಂಡೇ ಹೊತ್ತರು, ಪಾಪ. ಗೋಡೆ "ಉಸ್ಸಪ್ಪಾ" ಎಂದು ಕೂತಿತು. ಕೆಂಚವ್ವ ಸರಸರ ಕೊರೆದಳು, ಗಾರೆ ಮೆತ್ತಿದಳು, ಪೆಟ್ಟಿಗೆ ಇಟ್ಟಳು, ಬೆಕ್ಕು ಹಿಡಿಸುವಷ್ಟೇ ಬಾಗಿಲು ಜೋಡಿಸಿದಳು. ಗೋಡೆ ಮೈಮುರಿದು ಎದ್ದಿತು.

ಬೆಕ್ಕು ಹೆಜ್ಜೆ ಇಟ್ಟಿತು.

"ತಡೀರಿ!" ಎಂದರು ಪುರೋಹಿತರು. "ಗೃಹಪ್ರವೇಶ ಆಗದೆ ಒಳಗೆ ಹೋಗುವುದುಂಟೇ? ಮೊದಲು ಹಸು ಹೋಗಬೇಕು."

ಊರು ಗೋಳೋ ಎಂದಿತು. ಹಸು ಬಂತು. ಬಗ್ಗಿತು. ಮೂಗು ಮಾತ್ರ ಹಿಡಿಸಿತು.

"ಮೂಗು ಹೋದ್ರೆ ಹಸು ಹೋದಂಗೇ ಅಲ್ವಾ ಸ್ವಾಮಿ?" ಎಂದಳು ಕೆಂಚವ್ವ. ಪುರೋಹಿತರಿಗೂ ಅವಸರವಿತ್ತು. ಒಪ್ಪಿದರು.

ಬೆಕ್ಕು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಸದ್ದಿಲ್ಲ.

"ಆಯಿತೇ?" ಎಂದು ರಾಜ ಗೋಡೆಯನ್ನು ಕೇಳಿದ.

"ನಾನು ಹೇಳಾಕಿಲ್ಲ. ಗುಟ್ಟು ಅಂದ್ರೆ ಗುಟ್ಟು" ಎಂದಿತು ಗೋಡೆ.

ಆಮೇಲೆ ಕೇಳಿಸಿತು ನೋಡಿ, ಪರ್... ಪರ್... ಪರ್... ಮರಳು ಕೆದರಿ ಮುಚ್ಚುವ ಸದ್ದು!

"ಗೆದ್ದೆವೋ!" ಕಹಳೆ ಮೊಳಗಿತು. ಊರೆಲ್ಲ ಚೊಂಬು ಹಿಡಿದು ಬಯಲಿಗೆ ಓಡಿತು. ಅಂಥ ಸಂತೋಷ ಆ ಊರು ಯಾವ ಯುದ್ಧ ಗೆದ್ದಾಗಲೂ ಕಂಡಿರಲಿಲ್ಲ. ಎಲ್ಲರಿಗಿಂತ ಮುಂದೆ ರಾಜ, ಪಕ್ಕದಲ್ಲೇ ಕೆಂಚವ್ವ.

"ಕೆಂಚವ್ವಾ, ಏನು ಬೇಕು ಕೇಳು! ಅರ್ಧ ರಾಜ್ಯ ಕೊಡಲೇ?" ಎಂದ ರಾಜ, ಓಡುತ್ತಲೇ.

"ಕೊಡಿ ಬುದ್ಧಿ! ಆ ಪೊದೆ ನಂದು, ಈ ಪೊದೆ ನಿಮ್ದು!"

ರಾಜ್ಯ ಹಾಗೆ ಎರಡು ಪಾಲಾಯಿತು. ಇಬ್ಬರೂ ಚೆನ್ನಾಗಿ ಆಳಿದರು. ಅವರು ಅಲ್ಲಿ ಹಗುರಾದರು, ನಾವು ಇಲ್ಲಿ ಹೀಗೆ ಕೂತಿದ್ದೇವೆ. ಏಳಿ, ಯಾರಿಗೆ ಅವಸರವೋ ಅವರು ಮೊದಲು.