ಆಗಿದೆ ಎಂದು ಬರೆದ ಸೇತುವೆ

ಒಂದು ಊರು. ಊರಿನ ಹೆಸರು ಬೇಡ, ಹೇಳಿದರೆ ಅಲ್ಲಿಯವರಿಗೆ ನೋವಾಗುತ್ತದೆ. ಊರಿನ ಮಗ್ಗುಲಲ್ಲಿ ಒಂದು ಹಳ್ಳ ಹರಿಯುತ್ತದೆ. ಹಳ್ಳದ ಈಚೆಗೆ ದೊಡ್ಡ ಊರು. ಶಾಲೆ, ಪಂಚಾಯಿತಿ, ಕಿರಾಣಿ ಅಂಗಡಿ, ಬಸ್ಸು ನಿಲ್ಲುವ ಜಾಗ ಎಲ್ಲವೂ ಅಲ್ಲೇ. ಹಳ್ಳದ ಆಚೆಗೆ ಒಂದು ಸಣ್ಣ ಓಣಿ. ಅಲ್ಲಿರುವವರೆಲ್ಲ ಕೂಲಿ ಮಾಡುವವರು. ಅವರಿಗೆ ಉಪ್ಪು ಬೇಕಾದರೂ ಹಳ್ಳ ದಾಟಬೇಕು, ಔಷಧ ಬೇಕಾದರೂ ಹಳ್ಳ ದಾಟಬೇಕು. ಬೇಸಿಗೆಯಲ್ಲಿ ಅದು ಬರೀ ಉಸುಕು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಕೆಲವು ದಿನ ಸೊಂಟದ ತನಕ.

ಆ ಊರಿಗೆ ಒಂದು ಕಾಲಕ್ಕೆ ಗುರುಪಾದಪ್ಪ ಎಂಬವರು ಪಂಚಾಯಿತಿ ಅಧ್ಯಕ್ಷರಾಗಿದ್ದರು. ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಅಂಗಳದಲ್ಲಿ ನಿಲ್ಲುವವರು. ಓಣಿಯ ಜನ ಬಂದು, "ಹಳ್ಳಕ್ಕ ಒಂದು ಸೇತುವೆ ಮಾಡಿಸ್ರಿ ಯಜಮಾನ್ರ" ಎಂದು ಕೇಳಿಕೊಂಡಾಗ, ಅವರೇ ತಾಲೂಕು, ಜಿಲ್ಲೆ ಎಂದು ಚಪ್ಪಲಿ ಸವೆಯುವಂತೆ ಓಡಾಡಿ ಸರ್ಕಾರದಿಂದ ಅನುದಾನ ತಂದರು.

ಅನುದಾನ ಸುಮ್ಮನೆ ಬರುವುದಿಲ್ಲ, ಮಕ್ಕಳೇ. ಅದಕ್ಕೆ ಷರತ್ತುಗಳಿರುತ್ತವೆ. ಯಾವ ಕೆಲಸಕ್ಕೆ ಕೊಟ್ಟರೋ ಆ ಕೆಲಸಕ್ಕೇ ಖರ್ಚಾಗಬೇಕು. ಮಾರ್ಚ್ ತಿಂಗಳು ಮುಗಿಯುವುದರೊಳಗೆ ಖರ್ಚಾಗಬೇಕು, ಉಳಿದರೆ ವಾಪಸ್ಸು ಹೋಗುತ್ತದೆ. ಕೆಲಸ ಮುಗಿದ ಮೇಲೆ, 'ಇಂಥ ಕೆಲಸ ಆಗಿದೆ, ಹಣ ಇದಕ್ಕೇ ಬಳಕೆಯಾಗಿದೆ' ಎಂದು ಅಧ್ಯಕ್ಷರು ರುಜು ಹಾಕಿ ಪ್ರಮಾಣಪತ್ರ ಕೊಡಬೇಕು. ಒಮ್ಮೆ ಆದ ಕೆಲಸಕ್ಕೆ ಮತ್ತೆ ಹಣ ಕೇಳುವಂತಿಲ್ಲ. ಗುರುಪಾದಪ್ಪನವರಿಗೆ ಇದೆಲ್ಲ ಗೊತ್ತಿತ್ತು.

ಆ ವರ್ಷ ಹಿಂಗಾರು ಮಳೆ ಜೋರಾಗಿತ್ತು. ಸಂಕ್ರಾಂತಿ ಕಳೆದು ಎಷ್ಟು ದಿನವಾದರೂ ಹಳ್ಳ ಬತ್ತಲಿಲ್ಲ. ಗುತ್ತಿಗೆದಾರ ಬಂದು ನೋಡಿ ತಲೆ ಆಡಿಸಿದ.

"ನೀರು ಇಳಿಯೂತನಕ ಬುನಾದಿ ತೆಗೆಯಾಕ ಬರೂದಿಲ್ರಿ. ಮಾರ್ಚ್ ಒಳಗ ಈ ಕೆಲಸ ಆಗೂದಿಲ್ಲ" ಎಂದ.

ಹಿರಿಯರು ಪಂಚಾಯಿತಿಯಲ್ಲಿ ಕೂಡಿದರು. ಹಳ್ಳದಾಚೆಯವರು ಆ ದಿನ ಕೂಲಿಗೆ ಹೋಗಿದ್ದರು, ಅವರಲ್ಲಿ ಯಾರೂ ಬಂದಿರಲಿಲ್ಲ. ಬಂದವರಲ್ಲಿ ಒಬ್ಬರು ಹೇಳಿದರು: "ರೊಕ್ಕ ತಿರುಗಿ ಹೋಗೂದಕಿಂತ ನಮ್ಮ ಅಗಸಿ ಓಣಿಗೆ ಕಾಂಕ್ರೀಟ್ ಹಾಕಿಸಿಬಿಡ್ರಿ. ಕೆಸರಾಗ ಗಾಡಿ ಹುಗಿದು ಸಾಕಾಗೇತಿ. ಸೇತುವೆಗೆ ಬರೂ ವರ್ಷ ಬ್ಯಾರೆ ರೊಕ್ಕ ತರೂಣಂತ."

ಅದು ಎಲ್ಲರಿಗೂ ಸರಿ ಎನಿಸಿತು. ಗುರುಪಾದಪ್ಪನವರಿಗೆ ಮಾತ್ರ ಮನಸ್ಸಿನಲ್ಲಿ ಸ್ವಲ್ಪ ಚುಚ್ಚಿತು. ಆದರೆ ತಾನು ಒಂದು ರೂಪಾಯಿಯನ್ನೂ ಜೇಬಿಗೆ ಹಾಕಿಕೊಳ್ಳುತ್ತಿಲ್ಲವಲ್ಲ, ಊರಿನ ಹಣ ಊರಿಗೇ ಹೋಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡರು. ಊರ ಬಾಗಿಲಿನ ಅಗಸಿ ಓಣಿಗೆ ಕಾಂಕ್ರೀಟ್ ಬಿತ್ತು. 'ಹಳ್ಳಕ್ಕೆ ಸೇತುವೆ ಆಗಿದೆ' ಎಂದು ಗುರುಪಾದಪ್ಪನವರು ರುಜು ಹಾಕಿದರು. ನೋಡಲು ಬಂದ ಇಂಜಿನಿಯರ್ ಹಳ್ಳದ ತನಕ ಹೋಗಲಿಲ್ಲ. ಪಂಚಾಯಿತಿಯಲ್ಲೇ ಚಹಾ ಕುಡಿದು, ತಾನೂ ರುಜು ಹಾಕಿ ಹೊರಟುಹೋದ.

ಮರುವರ್ಷ ಗುರುಪಾದಪ್ಪನವರು ಮಾತು ತಪ್ಪಲಿಲ್ಲ. ಸೇತುವೆಗೆ ಹಣ ಕೇಳಲು ತಾಲೂಕಿಗೆ ಹೋದರು. ಅಲ್ಲಿಯ ಗುಮಾಸ್ತ ಕಡತ ತಿರುವಿ, "ನಿಮ್ಮ ಹಳ್ಳಕ್ಕ ಸೇತುವೆ ಆಗೇತಲ್ರಿ. ನೀವೇ ಬರಕೊಟ್ಟೀರಿ" ಎಂದು ನಕ್ಕ.

'ಇಲ್ಲಪ್ಪ, ಆಗಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಬಸ್ಸು ಹತ್ತಿದರು. ಹಳ್ಳದಾಚೆಯವರು ಕೇಳಿದಾಗ, "ಸರ್ಕಾರ ಕೊಡವಲ್ದಪಾ" ಎಂದರು.

ಅಷ್ಟಕ್ಕೇ ಅದು ನಿಂತುಹೋಯಿತು. ಅವರ ಅಧಿಕಾರ ಮುಗಿಯಿತು. ಅವರ ನಂತರ ಬಂದ ಅಧ್ಯಕ್ಷರೂ ಸೇತುವೆಗೆ ಕೇಳಿ ನೋಡಿದರು, ಅದೇ ಉತ್ತರ ಸಿಕ್ಕಿತು. ಏನಾಗಿದೆ ಎಂದು ಅವರಿಗೆ ತಿಳಿಯಿತು. ಆದರೆ ಹಿರಿಯರ ಹೆಸರು ಕೆಡಿಸುವುದೇಕೆಂದು ಸುಮ್ಮನಾದರು. ಆಚೆ ಓಣಿಯ ಮಕ್ಕಳು ಹಳ್ಳದಲ್ಲೇ ಇಳಿದು ಶಾಲೆಗೆ ಹೋಗಿ ದೊಡ್ಡವರಾದರು. ಅವರ ಮಕ್ಕಳೂ ಅದೇ ಹಳ್ಳಕ್ಕೆ ಇಳಿಯತೊಡಗಿದರು.

ಹೀಗೆ ವರ್ಷಗಳು ಕಳೆದ ಮೇಲೆ ಕಸ್ತೂರೆವ್ವ ಎಂಬಾಕೆ ಅಧ್ಯಕ್ಷೆಯಾದಳು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು, ಹಿಡಿದ ಕೆಲಸ ಬಿಡುವವಳಲ್ಲ. ಅವಳೂ ತಾಲೂಕಿಗೆ ಹೋದಳು, ಅವಳಿಗೂ ಅದೇ ಮಾತು ಹೇಳಿದರು. ಅವಳು ಎದ್ದು ಬರಲಿಲ್ಲ. "ಬಂದು ನೋಡ್ರಿ, ಅಲ್ಲಿ ಸೇತುವೆ ಇಲ್ಲ" ಎಂದು ಅಲ್ಲೇ ಕೂತಳು.

ಆಗ ಮೇಲಿನ ಅಧಿಕಾರಿ ಅವಳನ್ನು ಒಳಗೆ ಕರೆದು ತಿಳಿಸಿ ಹೇಳಿದರು. "ಎರಡು ದಾರಿ ಇವೆಯಮ್ಮ. ನೀವು ದೂರು ಕೊಟ್ಟರೆ ವಿಚಾರಣೆ ನಡೆಯುತ್ತದೆ. ಅದು ಬಹಳ ದಿನ ಎಳೆಯುತ್ತದೆ. ಅಂದು ರುಜು ಹಾಕಿದವರೇ ಬಂದು, ಕೆಲಸ ಆಗಿರಲಿಲ್ಲ ಎಂದು ಬರೆದುಕೊಟ್ಟರೆ ಬೇಗ ಆಗುತ್ತದೆ. ಹಳೆಯ ಪ್ರಮಾಣಪತ್ರವನ್ನು ರದ್ದು ಮಾಡಿಸಿ, ಮಳೆಗಾಲದ ಮಟ್ಟಿಗೆ ದಾಟಲು ಏನಾದರೂ ತುರ್ತಾಗಿ ಮಾಡಿಸುತ್ತೇನೆ. ಆಮೇಲೆ ಸೇತುವೆ."

ಕಸ್ತೂರೆವ್ವ ನೆಟ್ಟಗೆ ಗುರುಪಾದಪ್ಪನವರ ಮನೆಗೆ ಬಂದಳು. ಮನೆಯ ತುಂಬ ಮದುವೆಯ ಸಡಗರ. ಕೊನೆಯ ಮಗಳ ಮದುವೆ ಗೊತ್ತಾಗಿತ್ತು. ಅಂಗಳದಲ್ಲಿ ಹಪ್ಪಳ, ಸಂಡಿಗೆ ಒಣಗುತ್ತಿದ್ದವು. ಗುರುಪಾದಪ್ಪನವರಿಗೆ ಈಗ ವಯಸ್ಸಾಗಿತ್ತು. ಅವಳು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದರು. ಇಲ್ಲ ಎನ್ನಲಿಲ್ಲ.

"ನಂದು ತಪ್ಪೈತಿ ಯವ್ವಾ" ಎಂದರು. "ಬರಕೊಡ್ತೀನಿ. ಆದರ ಈ ಮದುವಿ ಒಂದು ಮುಗೀಲಿ. ಬೀಗರು ದೊಡ್ಡ ಮನಿತನದವರು. ಹುಡುಗಿ ಅಪ್ಪ ಸುಳ್ಳು ರುಜು ಹಾಕ್ಯಾನ ಅಂದರ ಏನ್ ತಿಳಕೊಂಡಾರು?"

ಮದುವೆ ಮುರಿಸಿದ ಪಾಪ ತನಗೆ ಬೇಡ ಎಂದು ಕಸ್ತೂರೆವ್ವ ಒಪ್ಪಿಕೊಂಡಳು.

ಮದುವೆ ಚೆನ್ನಾಗಿ ಆಯಿತು. ಹಳ್ಳದಾಚೆಯ ಹೆಂಗಸರು ಬಂದು ರೊಟ್ಟಿ ಬಡಿದರು. ಅವರಲ್ಲಿ ಹುಲಿಗೆವ್ವ ಇದ್ದಳು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು ಅವಳೇ. ಮದುಮಗಳನ್ನು ಶಾಲೆಗೆ ಬರುವ ಕೂಸಾಗಿದ್ದಾಗಿನಿಂದ ನೋಡಿದ್ದಳು. ಗಂಡನ ಮನೆಗೆ ಕಳಿಸುವಾಗ ಸೆರಗು ಬಾಯಿಗಿಟ್ಟು ಅತ್ತಳು.

ಆಮೇಲೆ ಕಸ್ತೂರೆವ್ವ ಮತ್ತೆ ಹೋದಳು.

"ಕಾಕಾ, ಮದುವಿ ಆತಲ್ಲ. ನಾಳೆ ತಾಲೂಕಿಗೆ ಹೋಗೂಣೇನ್ರಿ?"

"ಅಳಿಯ ಮೊದಲನೇ ಸಲ ಕಾರಹುಣ್ಣಿಮಿಗೆ ಬರ್ತಾನವ್ವ. ಅದೊಂದು ಆಗಲಿ."

ಕಾರಹುಣ್ಣಿಮೆ ಆಯಿತು. ಮುಂಗಾರು ಹಿಡಿಯಿತು. ಹಳ್ಳಕ್ಕೆ ನೀರು ಬಂತು. ಕಸ್ತೂರೆವ್ವ ಮತ್ತೆ ಬಾಗಿಲಿಗೆ ಬಂದಳು. ಗುರುಪಾದಪ್ಪನವರು ಅವಳ ಮುಖ ನೋಡದೆ, "ಪಂಚಮಿಗೆ ಮಗಳು ತವರಿಗೆ ಬರ್ತಾಳ. ಹಬ್ಬ ಉಂಡು ಹೋಗಲಿ. ಅದಾದ ಮರುದಿನ ನಾನೇ ಬಂದು ನಿನ್ನ ಕರೀತೀನಿ" ಎಂದರು.

ಆ ದಿನ ಅವಳು ಗಿರಣಿಗೆ ಬಂದು ಹಿಟ್ಟು ಬೀಸತೊಡಗಿದಳು. ತಾನೇ ದೂರು ಕೊಟ್ಟುಬಿಡಲೇ ಎನಿಸಿತು. ಆದರೆ ಅವಳ ಗಂಡ ತೀರಿಕೊಂಡಾಗ ಮೊದಲು ಬಂದು ಅಂಗಳದಲ್ಲಿ ನಿಂತವರು ಇದೇ ಗುರುಪಾದಪ್ಪನವರು. ಈ ಮನುಷ್ಯನನ್ನು ಕಚೇರಿಯಲ್ಲಿ ನಿಲ್ಲಿಸುವುದು ಹೇಗೆ? ಇಷ್ಟು ವರ್ಷ ಹೋಗಿದೆ, ಪಂಚಮಿಗೆ ಇನ್ನೆಷ್ಟು ದಿನ ಎಂದುಕೊಂಡಳು.

ಪಂಚಮಿಗೆ ಮೊದಲು ಒಂದು ದಿನ, ಊರಲ್ಲಿ ಹನಿ ಮಳೆಯೂ ಇರಲಿಲ್ಲ. ಬಿಸಿಲು ಬಿದ್ದಿತ್ತು. ಆದರೆ ಮೇಲಿನ ಗುಡ್ಡಗಳಲ್ಲಿ ಮಧ್ಯಾಹ್ನ ದೊಡ್ಡ ಮಳೆ ಸುರಿದಿತ್ತು. ಅದು ಊರಿನವರಿಗೆ ಗೊತ್ತಿರಲಿಲ್ಲ.

ಶಾಲೆ ಬಿಟ್ಟಿತು. ದಿನದಂತೆ ಹುಲಿಗೆವ್ವ ಆಚೆ ಓಣಿಯ ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕೆ ಬಂದಳು. ನೀರು ಮೊಣಕಾಲಿನಷ್ಟೇ ಇತ್ತು. ದೊಡ್ಡ ಮಕ್ಕಳನ್ನು ಕೈ ಹಿಡಿಸಿ ದಾಟಿಸಿದಳು. ಎಲ್ಲರಿಗಿಂತ ಸಣ್ಣವಳೊಬ್ಬಳು ಈಚೆ ದಡದಲ್ಲಿ ಉಳಿದಿದ್ದಳು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುವಾಗ, ನಡುಹಳ್ಳದಲ್ಲಿ ಕೆಂಪು ನೀರು ಸದ್ದು ಮಾಡುತ್ತ ಬಂತು. ನೋಡುನೋಡುತ್ತ ಎದೆಯ ತನಕ ಏರಿತು. ಹುಲಿಗೆವ್ವ ಎರಡೂ ಕೈಯಲ್ಲಿ ಮಗುವನ್ನು ಎತ್ತಿ ಹಿಡಿದು ದಡದ ಕಡೆಗೆ ಸರಿದಳು. ಆಚೆ ದಡದ ಮೇಲಿದ್ದ ದೊಡ್ಡ ಹುಡುಗಿ ಮಗುವಿನ ಅಂಗಿ ಹಿಡಿದು ಎಳೆದುಕೊಂಡಳು. ಮಗು ಮೇಲೆ ಬಂತು. ಹುಲಿಗೆವ್ವನ ಕಾಲ ಕೆಳಗಿನ ಉಸುಕು ಜಾರಿತು.

ಮರುದಿನ ಬೆಳಗ್ಗೆ ಹಳ್ಳದ ಕೆಳಗೆ, ಜಾಲಿ ಮುಳ್ಳುಕಂಟಿಯಲ್ಲಿ ಅವಳು ಸಿಕ್ಕಳು.

ಸಾವಿನ ಮನೆಗೆ ಮೊದಲು ಹೋಗುವ ಗುರುಪಾದಪ್ಪನವರು ಆ ದಿನ ಎಲ್ಲರಿಗಿಂತ ಕೊನೆಗೆ ಹೊರಟರು. ಹಳ್ಳದ ದಂಡೆಗೆ ಬಂದು ನಿಂತುಬಿಟ್ಟರು. ನೀರು ಆಗಲೇ ಇಳಿದಿತ್ತು. ಜನ ಅವರನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದರು. ಕೊನೆಗೆ ಅವರೂ ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ ಇಳಿದರು. ನಡುವೆ ಉಸುಕಿನಲ್ಲಿ ಕಾಲು ಜಾರಿದಾಗ ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ಹುಲಿಗೆವ್ವನ ಗಂಡ ದುರುಗಪ್ಪ ಮನೆಯ ಮುಂದೆ ಕೂತಿದ್ದ. ಗುರುಪಾದಪ್ಪನವರು ಅವನ ಎದುರಿಗೆ ನೆಲದ ಮೇಲೆ ಕೂತರು. ಎಲ್ಲವನ್ನೂ ಹೇಳಿದರು. ರುಜು ಹಾಕಿದ್ದು, ಗುಮಾಸ್ತನ ಮುಂದೆ ಬಾಯಿ ಬಿಡದಿದ್ದದ್ದು, ಮದುವೆ, ಹುಣ್ಣಿಮೆ, ಪಂಚಮಿ ಎಂದು ದಿನ ತಳ್ಳಿದ್ದು.

ದುರುಗಪ್ಪ ಸಿಟ್ಟು ಮಾಡಲಿಲ್ಲ.

"ಇದನ್ನ ನನಗ್ಯಾಕ ಹೇಳ್ತೀರಿ ಯಜಮಾನ್ರ? ಸೇತುವೆ ಇಲ್ಲ ಅನ್ನೂದು ನಮಗ ದಿನಾ ಗೊತ್ತಿತ್ತು. ಗೊತ್ತಿರಲಾರದವರಿಗೆ ಹೋಗಿ ಹೇಳ್ರಿ."

ಗುರುಪಾದಪ್ಪನವರು ಮರುದಿನವೇ ಒಬ್ಬರೇ ತಾಲೂಕಿಗೆ ಹೋಗಿ ಬರೆದುಕೊಟ್ಟರು. ಅವರ ಮೇಲೆ ಪ್ರಕರಣ ನಡೆಯಿತು. ಅಂದಿನ ಹಣ ತುಂಬಿಕೊಡಲು ಹೊಲ ಮಾರಬೇಕಾಯಿತು. ಸುದ್ದಿ ಬೀಗರ ಊರಿಗೂ ಮುಟ್ಟಿತು. ಅಳಿಯ ಮಗಳನ್ನು ಕರೆದುಕೊಂಡು ಬಂದ. ಗುರುಪಾದಪ್ಪನವರು ಮುಖ ಎತ್ತದೆ ಕೂತಿದ್ದರು.

"ಮಾವಾರ, ಮೊದಲೇ ಹೇಳಿದ್ದರೂ ನಾವೇನು ಈ ಸಂಬಂಧ ಬಿಡತಿದ್ದಿಲ್ರಿ" ಎಂದ ಅಳಿಯ. "ತಪ್ಪು ಯಾರ ಮನ್ಯಾಗ ಆಗೂದಿಲ್ಲ?"

ಇಷ್ಟು ದಿನ ಊರವರ ಬೈಗುಳಕ್ಕೂ ಅಳದ ಗುರುಪಾದಪ್ಪನವರು ಈ ಮಾತಿಗೆ ಅತ್ತುಬಿಟ್ಟರು. ಯಾವುದಕ್ಕೆ ಅವರು ಹೆದರಿದ್ದರೋ ಅದು ಇರಲೇ ಇಲ್ಲ.

ಕಸ್ತೂರೆವ್ವ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಯಾಕೆಂದು ಹೆಂಗಸರು ಕೇಳಿದರೆ, "ನಾ ಕಾಕಾನ ಮರ್ಯಾದಿ ನೋಡಿದೆ. ಹುಲಿಗೆವ್ವನ ಜೀವ ನೋಡಲಿಲ್ಲ" ಎನ್ನುತ್ತಿದ್ದಳು. ಆದರೆ ಅಧಿಕಾರ ಇದ್ದಷ್ಟು ದಿನ ತಾಲೂಕಿಗೆ ತಿರುಗುವುದನ್ನು ಬಿಡಲಿಲ್ಲ. ಹಳೆಯ ಪ್ರಮಾಣಪತ್ರ ರದ್ದಾಯಿತು. ಹೊಸ ಅನುದಾನ ಬಂತು, ಅದೇ ಷರತ್ತುಗಳೊಂದಿಗೆ. ಈ ಸಲ ಅವಳು ಪ್ರತಿ ದಿನ ಹಳ್ಳಕ್ಕೆ ಹೋಗಿ ನಿಂತು ಕೆಲಸ ಮಾಡಿಸಿದಳು. ಮೊದಲ ಗಾಡಿ ಆಚೆಗೆ ದಾಟಿ, ತಿರುಗಿ ಈಚೆಗೆ ಬಂದ ಮೇಲೆ ರುಜು ಹಾಕಿದಳು.

ಈಗ ಆ ಹಳ್ಳಕ್ಕೆ ಗಟ್ಟಿಯಾದ ಸೇತುವೆ ಇದೆ. ಎಷ್ಟು ಮಳೆ ಬಂದರೂ ಮಕ್ಕಳು ಕಾಲು ನೆನೆಯದೆ ಶಾಲೆಗೆ ಹೋಗುತ್ತಾರೆ. ಹುಲಿಗೆವ್ವನ ಕೈಯಿಂದ ಮೇಲೆ ಬಂದ ಆ ಸಣ್ಣ ಹುಡುಗಿಯೂ ಹೋಗುತ್ತಾಳೆ. ಎಲ್ಲರೂ ಸೇತುವೆಯ ಮೇಲೇ ಓಡಾಡುತ್ತಾರೆ, ಒಬ್ಬನನ್ನು ಬಿಟ್ಟು. ದುರುಗಪ್ಪ ಇವತ್ತಿಗೂ ಹಳ್ಳಕ್ಕೆ ಇಳಿದೇ ದಾಟುತ್ತಾನೆ. ಮೇಲಿನಿಂದ ಹೋಗೆಂದು ಅವನಿಗೆ ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ.

ನೀತಿ: ಆಗದ ಕೆಲಸವನ್ನು ಆಗಿದೆ ಎಂದು ಬರೆದರೆ, ಅದು ಮುಂದೆ ಆಗುವ ದಾರಿಯನ್ನೂ ಮುಚ್ಚಿದಂತೆ. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಒಳ್ಳೆಯ ದಿನ ಹುಡುಕಬೇಡಿ, ಇನ್ನೊಬ್ಬರ ಮುಲಾಜಿಗೆ ಬಿದ್ದು ಆ ದಿನವನ್ನು ಮುಂದೆ ಹಾಕಲೂ ಬಿಡಬೇಡಿ. ಕಾಯುವವರು ನೀವಾದರೂ ಅದರ ಬೆಲೆ ತೆರುವವರು ಬೇರೆಯವರು.