ತಾನಾಗಿ ಏರಿದ ಮುಳ್ಳು

"ಗುರುಗಳೇ, ಸತ್ತ ಸಿಟ್ಟು ಮತ್ತೆ ಏಳುತ್ತದೆಯೇ?" ಎಂದು ಮಡಿವಾಳಪ್ಪ ಕೇಳಿದ.

ಅಣ್ಣನೊಡನೆ ಜಗಳವಾಡಿ ಅವನು ಮಠ ಸೇರಿ ಹನ್ನೆರಡು ವರ್ಷವಾಗಿತ್ತು. ಹೋದ ವರ್ಷ ತಾಯಿ ತೀರಿಕೊಂಡಾಗ ಊರಿಗೆ ಹೋದವನು ಅಣ್ಣನ ಕಾಲು ಹಿಡಿದು ಅತ್ತು, ಅಂದೇ ಹಿಂತಿರುಗಿದ್ದ. ಎದೆ ಹಗುರಾಗಿತ್ತು. ಈಗ ಅಣ್ಣ ಹಾಸಿಗೆ ಹಿಡಿದಿದ್ದಾನೆಂಬ ಸುದ್ದಿ ಬಂದಿತ್ತು. ಅದನ್ನು ಕೇಳಿದ ಗಳಿಗೆಯಲ್ಲಿ ಅವನೊಳಗೆ ಯಾರೋ ಮೆಲ್ಲಗೆ ನಕ್ಕರು. ಆ ನಗು ತನ್ನದೇ ಎಂದು ತಿಳಿದಾಗ ಅವನು ಹೆದರಿ ಗುರುಗಳ ಬಳಿಗೆ ಬಂದಿದ್ದ.

ಗುರುಗಳು ಒಂದು ಕತೆ ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ರೇಡಿಯೊ ರಿಪೇರಿಯವನಿದ್ದ. ಹಳೆಯ ಕಂಪ್ಯೂಟರುಗಳ ಪವರ್ ಸಪ್ಲೈ ಡಬ್ಬಿಗಳನ್ನು ಗುಜರಿಯಿಂದ ತಂದು, ತನ್ನ ಸಣ್ಣಪುಟ್ಟ ಮೋಟರು, ದೀಪಗಳಿಗೆ ಕರೆಂಟು ಕೊಡುವಂತೆ ಮಾರ್ಪಡಿಸುವುದು ಅವನ ಹುಚ್ಚು. ಊಟ ಬಿಟ್ಟಾನು, ಡಬ್ಬಿ ಬಿಡ. ಅವನ ಬೆರಳು ದಪ್ಪ. ಒಳಗಿನ ಸಂದಿಯಲ್ಲಿ ತಂತಿ ಹಿಡಿಯುವುದು ಹೆಂಡತಿಯ ಕೆಲಸ, ಬೆಸುಗೆ ಅವನದು.

ಒಂದು ಮಧ್ಯಾಹ್ನ ಹೊಸದಾಗಿ ತಂದ ಡಬ್ಬಿಗೆ ಪ್ಲಗ್ ಹಾಕಿ, ಅದನ್ನು ಚಾಲೂ ಮಾಡಲು ಹಸಿರು ತಂತಿಯನ್ನು ಕಪ್ಪು ತಂತಿಗೆ ಮುಟ್ಟಿಸಿದ. ಫ್ಯಾನು ತಿರುಗಿತು. ಜೀವ ಇದೆ ಎಂದು ಹಿಗ್ಗಿ, ಪ್ಲಗ್ ಕಿತ್ತು ಮುಚ್ಚಳ ತೆಗೆದ. ಪ್ಲಗ್ ಕಿತ್ತರೂ ಒಳಗೆ ಕರೆಂಟು ಕೂಡಿಡುವ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಅದರ ಎರಡು ಕಾಲಿಗೂ ಬಲ್ಬಿನ ತಂತಿ ಮುಟ್ಟಿಸಿ ಖಾಲಿ ಮಾಡಬೇಕು. ಹಾಗೇ ಮಾಡಿದ. ಬಲ್ಬು ಒಮ್ಮೆ ಫಳ್ಳೆಂದು ಹೊತ್ತಿ ಆರಿತು. ಆ ಕಾಲುಗಳಿಗೇ ಸಿಕ್ಕಿಸಿದ್ದ, ಕರೆಂಟು ಅಳೆಯುವ ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಬಲ್ಬಿನ ತಂತಿ ತೆಗೆದು, "ಸತ್ತಿತು, ಕೈ ಹಾಕು" ಎಂದ.

ಹೆಂಡತಿ ಕೈ ಚಾಚಿದಳು. ಅಷ್ಟರಲ್ಲಿ ಅವನ ಕಣ್ಣು ಮೀಟರಿನತ್ತ ಹೋಯಿತು. ಮುಳ್ಳು ಏರುತ್ತಿತ್ತು. ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಅವನು ಗಾಬರಿಯಿಂದ ಅವಳ ಕೈಯನ್ನು ಹಿಂದಕ್ಕೆ ಎಳೆದ.

ಮತ್ತೆ ತಂತಿ ಮುಟ್ಟಿಸಿದ. ಸಣ್ಣ ಕಿಡಿ ಹಾರಿ ಮುಳ್ಳು ಬಿತ್ತು. ತಂತಿ ತೆಗೆದ. ನಿದ್ದೆಯಲ್ಲಿದ್ದವರು ಕಣ್ಣು ತೆರೆಯುವ ಹಾಗೆ ಮುಳ್ಳು ನಿಧಾನವಾಗಿ ಎದ್ದಿತು. ಮೂರನೆಯ ಸಲವೂ ಅಷ್ಟೇ.

"ಇದರೊಳಗೆ ಏನೋ ಇದೆ ಕಣೇ. ಎಸೆದು ಬರ್ತೀನಿ" ಎಂದ.

"ಪ್ರತಿ ಸಲ ಮುಟ್ಟಿಸಿ ಮುಟ್ಟಿಸಿ ತೆಗೀತೀರಿ. ಅದು ಏಳದೆ ಇನ್ನೇನು ಮಾಡುತ್ತೆ? ತಂತಿ ಕಟ್ಟಿಯೇ ಇಡಿ" ಎಂದಳು ಹೆಂಡತಿ.

ಎರಡು ಕಾಲಿಗೂ ತಂತಿ ಸುತ್ತಿ ಬಿಟ್ಟ. ಇಬ್ಬರೂ ಮುಳ್ಳನ್ನೇ ನೋಡುತ್ತ ಕೂತರು. ಅದು ಏಳಲಿಲ್ಲ. ಒಳಗಿನ ಕೆಲಸ ಮುಗಿಯುವವರೆಗೆ ಅವರು ಆ ತಂತಿಯನ್ನು ತೆಗೆಯಲಿಲ್ಲ.

ಕತೆ ಮುಗಿಯಿತು. ಮಡಿವಾಳಪ್ಪನಿಗೆ ಸಮಾಧಾನವಾಯಿತು. ಒಂದು ದಿನದ ಬಟ್ಟೆ ತುಂಬಿದ್ದ ಚೀಲವನ್ನು ಹೆಗಲಿಗೇರಿಸಿ, "ಅರ್ಥವಾಯಿತು ಗುರುಗಳೇ. ಇನ್ನೊಮ್ಮೆ ಅಣ್ಣನ ಕಾಲು ಹಿಡಿದು ನಾಳೆಯೇ ಹಿಂತಿರುಗುತ್ತೇನೆ. ಹೋಗಿ ಬರುತ್ತೇನೆ" ಎಂದು ನಮಸ್ಕರಿಸಿದ.

ಹೊರಟವರಿಗೆಲ್ಲ "ಹೋಗಿ ಬಾ" ಎನ್ನುವುದು ಗುರುಗಳ ವಾಡಿಕೆ. ಅಂದು ಅವರು ಆ ಚೀಲವನ್ನು ನೋಡಿದರು.

"ಹೋಗು, ಬರಬೇಡ" ಎಂದರು.