ಸೂರ್ಯವಂಶದವನಿಗೆ ಹಿಡಿ ಮಣ್ಣು

ಶಿಷ್ಯ ಕೇತಯ್ಯ ಗುರುಗಳನ್ನು ಕೇಳಿದ: "ಅಯ್ಯಾ, ನಮ್ಮ ನಾಡೊಡೆಯರು ತಮ್ಮ ವಂಶಾವಳಿಯನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದಾರೆ. ಪದ್ಯ ಬರೆದುಕೊಡಲು ನನಗೆ ಹೇಳಿದ್ದಾರೆ. ಅವರ ಮೂಲಪುರುಷ ಹೋಮಕುಂಡದಿಂದ ಎದ್ದು ಬಂದನೆಂದು ಬರೆಯಬೇಕಂತೆ. ಬರೆದರೆ ಯಾರ ಗಂಟು ಹೋಗುತ್ತದೆ?"

ಗುರುಗಳು ನಕ್ಕರು. "ಬರೆಯುವವನ ಗಂಟಂತೂ ಹೋಗುವುದಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ನಾಡಿನಲ್ಲಿ ಒಬ್ಬ ರಾಜನಿದ್ದ. ಅವನ ಮನೆತನದಲ್ಲಿ ಸತ್ತ ಅರಸರನ್ನು ಸುಡುತ್ತಿರಲಿಲ್ಲ. ಗುಂಡಿ ತೋಡಿ, ಕುಳಿತ ಭಂಗಿಯಲ್ಲೇ ಹೂಳುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಮನೆತನದ ಮೊದಲ ಅರಸ ಎಲ್ಲಿ ಹುಟ್ಟಿದನೋ ಅಲ್ಲಿಂದ ಹಿರಿಯ ಮಗ ತನ್ನ ಉತ್ತರೀಯದಲ್ಲಿ ಮಣ್ಣು ಕಟ್ಟಿಕೊಂಡು ಬರಬೇಕು. ಅದನ್ನು ತಂದೆಯ ನೆತ್ತಿಯ ಮೇಲೆ ತನ್ನ ಕೈಯಾರೆ ಹಾಕಬೇಕು. ಆಮೇಲೆಯೇ ಉಳಿದವರು ಗುಂಡಿ ಮುಚ್ಚುತ್ತಿದ್ದರು.

ಆ ಮೊದಲ ಅರಸ ಹುಟ್ಟಿದ್ದು ಊರಾಚೆ, ಎಮ್ಮೆ ಕಾಯುವವರ ಹಟ್ಟಿಯಲ್ಲಿ. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ.

ರಾಜನ ಮಗನಿಗೆ ದೊಡ್ಡ ಮನೆತನದಲ್ಲಿ ಹೆಣ್ಣು ಗೊತ್ತಾಯಿತು. ಅವರು ಚಂದ್ರವಂಶದವರು. ಮಗನಿಗೆ ಅಳುಕು ಹುಟ್ಟಿತು. ಆಸ್ಥಾನದ ಕವಿಯನ್ನು ಕರೆಸಿದ. ಕವಿಗೇನು, ಎರಡು ಪದ್ಯ ಕಟ್ಟಿ ರಾಜನ ಮನೆತನವನ್ನು ನೇರ ಸೂರ್ಯನಿಗೇ ಗಂಟು ಹಾಕಿಬಿಟ್ಟ. ಮದುವೆ ಆಯಿತು. ಆದರೂ ಮಗನಿಗೆ ನಿದ್ದೆ ಹತ್ತಲಿಲ್ಲ. ಹಟ್ಟಿ ಬೀಗರ ಕಣ್ಣಿಗೆ ಬಿದ್ದರೆ ಏನು ಗತಿ? ರಾಜ ಗಡಿಯ ಯುದ್ಧಕ್ಕೆ ಹೋಗಿದ್ದಾಗ ಅವನು ಎಮ್ಮೆಯವರನ್ನು ಬೇರೆ ಕಡೆಗೆ ಕಳಿಸಿದ. ಹಟ್ಟಿಯಿದ್ದ ಜಾಗದಲ್ಲಿ ಏರಿ ಹಾಕಿಸಿ ಕೆರೆ ಕಟ್ಟಿಸಿದ. ಎರಡು ಮಳೆಗಾಲದಲ್ಲಿ ಹಟ್ಟಿ ಮುಳುಗಿತು. ಜನ ಅವನನ್ನು ಧರ್ಮಾತ್ಮನೆಂದು ಕೊಂಡಾಡಿದರು. ತಂದೆಗೂ ಒಂದು ದಿನ ಸಾವು ಬರುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ. ಹರೆಯದಲ್ಲಿ ಯಾರಿಗೆ ತಾನೇ ಹೊಳೆಯುತ್ತದೆ?

ರಾಜ ಯುದ್ಧದಿಂದ ಗಾಯಗೊಂಡು ಮರಳಿದ. ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು. ಮಗನ ಕೈ ಹಿಡಿದು, "ಹಟ್ಟಿಯ ಮಣ್ಣು ತಂದು ಹಾಕು, ಮಗನೇ. ನನಗೆ ಬೇರೇನೂ ಬೇಡ" ಎಂದ. ಮಗ ಆಗಲಿ ಎಂದ. ಇನ್ನೇನು ಹೇಳಿಯಾನು, ಪಾಪ?

ಮರುದಿನ ರಾಜ ತೀರಿಕೊಂಡ. ಗುಂಡಿ ತೋಡಿ ಅವನನ್ನು ಕೂರಿಸಿದರು. ಎಲ್ಲರೂ ಮಗನ ಮುಖ ನೋಡಿದರು. ಕವಿ ಅವನ ಕಿವಿಯಲ್ಲಿ, "ಸೂರ್ಯನಿಂದ ಮಣ್ಣು ತರಲಾದೀತೇ, ಪ್ರಭು? ಚಿನ್ನದ ಪುಡಿ ಹಾಕಿ. ಶೋಭೆಯಾಗಿರುತ್ತದೆ" ಎಂದ. ಮಗ ಕೆರೆಯ ಕಡೆಗೆ ಓಡಿದ.

ಕೆರೆ ತುಂಬಿತ್ತು. ತೂಬು ತೆಗೆದರೂ ನೀರು ಇಳಿಯಲು ತಿಂಗಳು ಬೇಕು. ಅವನು ನೀರಿಗೆ ಧುಮುಕಿದ. ಮತ್ತೆ ಮತ್ತೆ ಮುಳುಗಿ ತಳ ಕೆದಕಿದ. ಕೈಗೆ ಬಂದದ್ದು ಬರೀ ಹೂಳು. ಮಳೆನೀರು ಯಾವ ಯಾವ ಊರಿನಿಂದಲೋ ಹೊತ್ತು ತಂದು ಹಾಕಿದ ಹೂಳು. ಹಟ್ಟಿಯ ನೆಲ ಅದರ ಅಡಿಯಲ್ಲಿ ಎಲ್ಲಿತ್ತೋ! ಅವನು ಏರಿಯ ಮೇಲೆ ಕುಳಿತು ಅತ್ತುಬಿಟ್ಟ.

ಹೆಂಡತಿ ಹುಡುಕಿಕೊಂಡು ಬಂದಳು. ಅವನು ಅವಳಿಗೆ ಎಲ್ಲವನ್ನೂ ಹೇಳಿದ. ಎಮ್ಮೆ, ಹಟ್ಟಿ, ಕವಿ, ಕೆರೆ, ಯಾವುದನ್ನೂ ಬಿಡಲಿಲ್ಲ.

ಅವಳು ಅವನ ಪಕ್ಕದಲ್ಲೇ ಕುಳಿತಳು. ಆಮೇಲೆ ಹೇಳಿದಳು: "ನಮ್ಮ ಮೊದಲ ಅರಸ ಹುಟ್ಟಿದ್ದು ಬೆಸ್ತರ ಕೇರಿಯಲ್ಲಿ. ನೀವು ಸೂರ್ಯವಂಶದವರೆಂದು ಕೇಳಿ ನಮ್ಮಪ್ಪ ಹೆದರಿದರು. ಮದುವೆಗೆ ಮುಂಚೆಯೇ ಆ ಕೇರಿಯನ್ನು ಎತ್ತಿಸಿಬಿಟ್ಟರು. ನೀವು ಮೊದಲೇ ಒಂದು ಮಾತು ಹೇಳಬಾರದಿತ್ತೇ?"

"ನೀನಾದರೂ ಹೇಳಬಾರದಿತ್ತೇ?" ಎಂದ ಅವನು.

ಹೊತ್ತು ಇಳಿಯುತ್ತಿತ್ತು. ದೇಹವನ್ನು ಇನ್ನು ಹಾಗೇ ಬಿಡುವಂತಿರಲಿಲ್ಲ. ಮಗ ಒದ್ದೆ ಬಟ್ಟೆಯಲ್ಲೇ ಮರಳಿ ಬಂದ. ಚಿನ್ನದ ಪುಡಿಯ ತಟ್ಟೆ ಸಿದ್ಧವಾಗಿತ್ತು. ಅವನು ಒಂದು ಹಿಡಿ ತೆಗೆದುಕೊಂಡ. ತಂದೆಯ ಮುಖ ನೋಡಿದ. ಹಿಡಿ ಬಿಚ್ಚಲು ಅವನಿಂದ ಆಗಲಿಲ್ಲ. ಕೊನೆಗೆ ಪುರೋಹಿತನೇ ಅವನ ಬೆರಳು ಬಿಡಿಸಿ ಪುಡಿಯನ್ನು ಉದುರಿಸಿದ. ಗುಂಡಿ ಮುಚ್ಚಿದರು. ಮೇಲೊಂದು ಗುಡಿ ಕಟ್ಟಿ, ಕಲ್ಲಿನ ಮೇಲೆ ಕವಿಯ ಪದ್ಯ ಕೆತ್ತಿಸಿದರು. ಪದ್ಯ ಬಹಳ ಚೆನ್ನಾಗಿತ್ತಂತೆ. ಛಂದಸ್ಸು ಎಲ್ಲೂ ಕೆಟ್ಟಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೇತಯ್ಯನಿಗೆ ಸಮಾಧಾನವಾಗಲಿಲ್ಲ. "ಸತ್ತವನಿಗೆ ಮಣ್ಣಾದರೇನು, ಚಿನ್ನವಾದರೇನು, ಅಯ್ಯಾ? ಅವನಿಗೇನು ತಿಳಿಯುತ್ತದೆಯೇ?" ಎಂದು ಕೇಳಿದ.

"ಸತ್ತವನಿಗೇನೂ ಆಗಲಿಲ್ಲ, ಕೇತಯ್ಯ, ಸೂರ್ಯನ ವಂಶದವನಾದ ಆ ಹುಡುಗನಿಗೆ ತನ್ನ ಅಪ್ಪನ ಮಗನಾಗಲು ಆಗಲಿಲ್ಲ, ಅಷ್ಟೇ."